ಬಂದವರಿಗೆ ಕೊಡಲಾಗದ ನೀರು

ಸುಂಕದಕಟ್ಟೆಯ ಆ ಕ್ರಾಸಿನಲ್ಲಿ ಯಾರಾದರೂ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದು ಬಂದರೆ ಸಾಕು, ಗೇಟುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಮೊದಲು ಮುಚ್ಚುತ್ತಿದ್ದುದು ಮುನಿತಾಯಮ್ಮನ ಗೇಟು. ಜನಗಣತಿಯವರಿರಲಿ, ಸೋಪು ಮಾರುವವರಿರಲಿ, ಎಲ್ಲರಿಗೂ ಅವರದು ಒಂದೇ ಉತ್ತರ. "ಮನೇಲಿ ಯಾರೂ ಇಲ್ಲ" ಎಂದು ಒಳಗಿನಿಂದ ತಾವೇ ಕೂಗಿ ಹೇಳುತ್ತಿದ್ದರು.

ಅತ್ತೆ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮುನಿತಾಯಮ್ಮನ ಸ್ವಂತ ಮನೆ, ಅದರ ಹಿಂದೆ ಸಾಲಾಗಿ ಬಾಡಿಗೆ ಮನೆಗಳು. ಆ ಬಾಡಿಗೆಯೇ ಅವರ ಬೆಳೆ. ಅಂಥ ಬೆಳೆಗೆ ಆ ಚಳಿಗಾಲದಲ್ಲಿ ರೋಗ ತಗುಲಿತ್ತು. ಹಿಂದಿನ ಮನೆಯ ಆಟೋ ಓಡಿಸುವ ಮಹದೇವನಿಗೆ ಕಾಮಾಲೆ ಬಂತು. ಅವನು ಎದ್ದು ಓಡಾಡುವಷ್ಟರಲ್ಲಿ ಪಕ್ಕದ ಮನೆಯ ಹೆಂಗಸಿನ ಕಣ್ಣೂ ಹಳದಿಯಾಯಿತು.

"ಹೊರಗಡೆ ಪಾನಿಪುರಿ ತಿಂತಾರೆ, ಬರದೆ ಇನ್ನೇನು" ಎಂದು ಮುನಿತಾಯಮ್ಮ ಮೊದಲು ಗೊಣಗಿದರು. ಆಮೇಲೆ ಬಾಡಿಗೆಯವರನ್ನೆಲ್ಲ ಕರೆದು ಮೆಲ್ಲಗೆ ಹೇಳಿದರು. "ಯಾರಾದ್ರೂ ಕೇಳಿದ್ರೆ ಜ್ವರ ಅನ್ನಿ. ಕಾಮಾಲೆ ಅಂತ ಬಾಯಿ ಬಿಡಬೇಡಿ. ವಠಾರಕ್ಕೆ ಕೆಟ್ಟ ಹೆಸರು ಬಂದ್ರೆ ನಾಳೆ ಮನೆ ಕೇಳೋಕೆ ಒಬ್ರೂ ಬರಲ್ಲ."

ಮನೆಯೊಳಗೆ ಸೊಸೆ ಕೀರ್ತನಾ ತುಂಬಿದ ಬಸುರಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಮುನಿತಾಯಮ್ಮ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಭಾರ ಎತ್ತಿಸುತ್ತಿರಲಿಲ್ಲ, ಬಿಸಿಲಿಗೆ ಕಳಿಸುತ್ತಿರಲಿಲ್ಲ, ಹೊರಗಿನ ತಿಂಡಿ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಹಿಂದಿನ ಮನೆಗಳಿಗೂ ಮುಂದಿನ ಮನೆಗೂ ನೀರು ಬರುತ್ತಿದ್ದುದು ನೆಲದಡಿಯ ಒಂದೇ ಸಂಪಿನಿಂದ. ಆ ಮಾತು ಮಾತ್ರ ಅವರಿಗೆ ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ಮನಸ್ಸಾಗಲಿಲ್ಲ ಎನ್ನಿ.

ಅಂಥ ಹೊತ್ತಿನಲ್ಲಿ ಯಶ್ವಂತ್ ಎಂಬ ಹುಡುಗ ಗೇಟಿಗೆ ಬಂದ. ಆರೋಗ್ಯ ಸಮೀಕ್ಷೆಗೆ ಹೊಸದಾಗಿ ಸೇರಿದ್ದವನು.

"ಆಂಟಿ, ಹೆಲ್ತ್ ಸರ್ವೆ. ಬೇಗ ಮುಗಿಸ್ಬಿಡ್ತೀನಿ. ಮೊದಲು ಫೋನ್ ನಂಬರ್ ಹೇಳಿ. ಮನೇಲಿ ಯಾರಿಗೆ ಏನು ಕಾಯಿಲೆ?" ಅವನ ಕಣ್ಣು ಟ್ಯಾಬಿನ ಮೇಲೇ ಇತ್ತು.

"ನಂಬರ್ ಕೊಟ್ರೆ ಆಮೇಲೆ ಓಟಿಪಿ ಕೇಳ್ತೀಯ. ಹೋಗಪ್ಪ, ಹೋಗು."

"ಗವರ್ನಮೆಂಟ್ ಕೆಲಸ ಆಂಟಿ, ಹೇಳಲೇಬೇಕು."

"ಹೇಳಲೇಬೇಕಾ" ಎಂದವರೇ ಮುನಿತಾಯಮ್ಮ ಗೇಟಿಗೆ ಸರಪಳಿಯನ್ನೂ ಸುತ್ತಿದರು. ಹುಡುಗ ಕೆಟ್ಟವನೇನಲ್ಲ. ಬೆಳಗ್ಗೆಯಿಂದ ಬಿಸಿಲಲ್ಲಿ ಅಲೆದು ಸುಸ್ತಾಗಿದ್ದ. ಕೇಳುವುದೂ ಒಂದು ಕೆಲಸ, ಅದನ್ನೂ ಕಲಿಯಬೇಕು ಎಂದು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ, ಅಷ್ಟೇ.

ಕೆಲವು ದಿನ ಕಳೆದ ಮೇಲೆ ಅದೇ ಗೇಟಿಗೆ ಶಿವಕ್ಕ ಬಂದರು. ಮಾರೇನಹಳ್ಳಿ ಕಡೆಯವರು, ಇಂಥ ಸಮೀಕ್ಷೆಗಳಲ್ಲೇ ತಲೆಗೂದಲು ನರೆತವರು. ಆವತ್ತು ಕಾವೇರಿ ನೀರು ಬಿಟ್ಟ ದಿನ. ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು, ಪೈಪು ಹಿಡಿದು ಓಡಾಡುತ್ತಿದ್ದರು. ಶಿವಕ್ಕ ಗೇಟು ಬಡಿಯಲಿಲ್ಲ. ಮುನಿತಾಯಮ್ಮ ತಾವಾಗಿ ತಲೆಯೆತ್ತಿ ನೋಡುವ ತನಕ ಆಚೆಯೇ ನಿಂತಿದ್ದರು.

"ನಮಸ್ಕಾರ ಅಮ್ಮ. ನನ್ನ ಹೆಸರು ಶಿವಕ್ಕ, ಆರೋಗ್ಯ ಕೇಂದ್ರದ ಸಮೀಕ್ಷೆಗೆ ಬಂದೆ. ನೀರು ಬಿಟ್ಟಿರೋ ಹೊತ್ತಲ್ಲಿ ಬಂದ್ಬಿಟ್ಟಿದೀನಿ, ತಪ್ಪು ನಂದೇ. ನಿಮಗೆ ಯಾವತ್ತು ಬಿಡುವಾಗತ್ತೆ?"

ಮುನಿತಾಯಮ್ಮ ಬೈಯಲೆಂದೇ ಬಾಯಿ ತೆರೆದಿದ್ದರು. ಪೀಡೆ ತೊಲಗಲಿ ಎಂದು, "ಮಂಗಳವಾರ ಸಂಜೆ ಬಾ" ಎಂದರು. ಹೇಳಿದ ದಿನಕ್ಕೆ ಯಾರು ಬರುತ್ತಾರೆ ಎಂಬುದು ಅವರ ಲೆಕ್ಕ.

ಮಂಗಳವಾರ ಸಂಜೆ ಶಿವಕ್ಕ ಬಂದೇ ಬಂದರು. ಮುನಿತಾಯಮ್ಮ ಜಗಲಿಯ ಮೇಲೆ ಕೂತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. 'ಅಬ್ಬಾ, ಹೇಳಿದ ಮಾತು ನೆನಪಿಟ್ಟುಕೊಳ್ಳೋರೂ ಇದಾರಲ್ಲ' ಎಂದು ಒಳಗೊಳಗೇ ಅಂದುಕೊಂಡರು. ಹಾಗಂತ ಸೋಲುವ ಹೆಂಗಸಲ್ಲ.

"ಬಂದಿದೀಯ, ಕೂತ್ಕೋ. ಆದ್ರೆ ನಾನು ಏನೂ ಹೇಳಲ್ಲ ಕಣಮ್ಮ."

"ಆಗ್ಲಿ ಅಮ್ಮ" ಎಂದು ಶಿವಕ್ಕ ಜಗಲಿಯ ಅಂಚಿನಲ್ಲಿ ಕೂತರು. ಟ್ಯಾಬು ಚೀಲದಲ್ಲೇ ಇತ್ತು. "ಯಾಕೆ ಬೇಡ ಅನ್ಸತ್ತೆ, ಅದನ್ನಾದ್ರೂ ಕೇಳ್ಬಹುದಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮುನಿತಾಯಮ್ಮ ಅವರೆಕಾಳು ಹಿಸುಕುತ್ತಲೇ ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದರು. "ಮೊನ್ನೆ ಒಬ್ಬ ಹುಡುಗ ಬಂದಿದ್ದ, ಮುಖ ನೋಡೋಕೆ ಮುಂಚೆ ಫೋನ್ ನಂಬರ್ ಕೇಳ್ದ. ನಮ್ಮ ಬೀದೀಲೇ ಒಬ್ರು ಓಟಿಪಿ ಕೊಟ್ಟು ಕೈ ಸುಟ್ಕೊಂಡಿದಾರೆ. ನಿಮ್ಮ ಕೈಲಿ ಬರೆಸ್ಕೊಂಡ್ರೆ ನಾಳೆ ಯಾರ್ಯಾರೋ ಮನೆ ಬಾಗಿಲಿಗೆ ಬರ್ತಾರೆ. ನಮಗ್ಯಾಕೆ ಬೇಕು?"

ಶಿವಕ್ಕ ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ, "ನೀವು ನಂಬರ್ ಕೊಡದೆ ಇದ್ದಿದ್ದೇ ಸರಿ" ಎಂದರು. "ಓಟಿಪಿ, ಬ್ಯಾಂಕು, ಆಧಾರ್, ಇದ್ಯಾವುದನ್ನೂ ನಾನು ಕೇಳಲ್ಲ. ಯಾರಾದ್ರೂ ಕೇಳಿದ್ರೆ ಇದೇ ತರ ಗೇಟು ಹಾಕಿ. ಇದು ನನ್ನ ಗುರುತಿನ ಚೀಟಿ. ನನ್ನ ಮಾತನ್ನೇ ನಂಬಬೇಡಿ, ಆರೋಗ್ಯ ಕೇಂದ್ರದ ನಂಬರ್ ನೀವೇ ಹುಡುಕಿ ಫೋನ್ ಮಾಡಿಸಿ. ಅಲ್ಲಿತನಕ ಕಾಯ್ತೀನಿ."

ಕೀರ್ತನಾ ಒಳಗಿನಿಂದಲೇ ಫೋನ್ ಮಾಡಿ ಕೇಳಿದಳು. ಶಿವಕ್ಕ ಎಂಬವರು ನಮ್ಮವರೇ ಎಂಬ ಉತ್ತರ ಬಂತು.

"ನೀರಿಂದ ಬರೋ ಕಾಯಿಲೆ ಎಲ್ಲೆಲ್ಲಿ ಇದೆ ಅಂತ ನೋಡ್ತಾ ಇದೀವಿ" ಎಂದು ಶಿವಕ್ಕ ಬಿಡಿಸಿ ಹೇಳಿದರು. "ನೀವು ಹೇಳಿದ್ದು ಬೇರೆಯವರ ಕಿವಿಗೆ ಬೀಳಲ್ಲ. ಒಂದು ಪ್ರಶ್ನೆ ಇಷ್ಟ ಇಲ್ವಾ, ಬಿಡಿ, ಮುಂದಕ್ಕೆ ಹೋಗೋಣ. ಸಾಕು ಅನ್ನಿಸ್ತಾ, ಸಾಕು ಅನ್ನಿ. ಎದ್ದು ಹೋಗ್ತೀನಿ, ಬೇಜಾರಿಲ್ಲ."

ಮುನಿತಾಯಮ್ಮ ಮನಸ್ಸಿಲ್ಲದ ಮನಸ್ಸಿನಿಂದ, "ಸರಿ, ಕೇಳು ನೋಡೋಣ" ಎಂದರು. ಆಗಷ್ಟೇ ಟ್ಯಾಬು ಹೊರಬಂತು. ಮೊದಲ ಪ್ರಶ್ನೆಗಳು ಸಲೀಸಾಗಿ ಸಾಗಿದವು. ಆಮೇಲೆ ಶಿವಕ್ಕ ಅದೇ ದನಿಯಲ್ಲಿ ಕೇಳಿದರು. "ಇತ್ತೀಚೆಗೆ ಈ ಕಾಂಪೌಂಡಿನಲ್ಲಿ ಯಾರಿಗಾದ್ರೂ ಕಾಮಾಲೆ ಬಂದಿತ್ತಾ ಅಮ್ಮ?"

"ಯಾರಿಗೂ ಇಲ್ಲ. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲವೇ ಇಲ್ಲ. ಯಾರು ಹೇಳಿದ್ದು ನಿಂಗೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬೇರೆಯವರಾಗಿದ್ದರೆ ಅಲ್ಲೇ ಹಿಡಿದುಹಾಕುತ್ತಿದ್ದರು, ಇಲ್ಲವೇ ಟ್ಯಾಬಿನಲ್ಲಿ 'ಇಲ್ಲ' ಎಂದು ಒತ್ತಿ ಎದ್ದುಬಿಡುತ್ತಿದ್ದರು. ಶಿವಕ್ಕ ಎರಡೂ ಮಾಡಲಿಲ್ಲ. "ಎಲ್ಲರನ್ನೂ ಕೇಳೋ ಪ್ರಶ್ನೆ ಅಮ್ಮ ಇದು. ಬಾಡಿಗೆ ಮನೆ ಇರೋರಿಗೆ ಉತ್ತರ ಹೇಳೋದು ಕಷ್ಟ, ನಂಗೆ ಗೊತ್ತು. ಹೇಳೋಕೆ ಇಷ್ಟ ಇಲ್ಲ ಅಂದ್ರೆ ಹಾಗೇ ಬರ್ಕೋತೀನಿ. ಆದ್ರೆ ಇಲ್ಲ ಅಂತ ಬರೆದ್ರೆ ಇಲ್ಲಿ ನೀರು ಚೆನ್ನಾಗಿದೆ ಅಂತ ಲೆಕ್ಕ ಆಗ್ಬಿಡತ್ತೆ. ಯಾರೂ ಈ ಕಡೆ ತಿರುಗಿ ನೋಡಲ್ಲ. ಯೋಚ್ನೆ ಮಾಡಿ, ಅವಸರ ಇಲ್ಲ."

ಮುನಿತಾಯಮ್ಮ ಮಾತು ತಿರುಗಿಸಲೆಂದು, "ಕೀರ್ತನಾ, ಬಂದೋರಿಗೆ ನೀರು ಬೆಲ್ಲ ಕೊಡಮ್ಮ" ಎಂದರು. ಶತ್ರುವೇ ಬಂದರೂ ನೀರು ಬೆಲ್ಲ ಕೊಡುವುದು ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ.

ಕೀರ್ತನಾ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಳು. ಶಿವಕ್ಕ ಚೊಂಬಿಗೆ ಕೈ ಚಾಚಿದರು. ಬೆಳಗ್ಗೆಯಷ್ಟೇ ಹಿಂದಿನ ಮನೆಯ ಹೆಂಗಸು ಹಳದಿ ಕಣ್ಣು ಬಿಟ್ಟುಕೊಂಡು ಇದೇ ನೀರು ಹಿಡಿಯುತ್ತಿದ್ದುದು ಮುನಿತಾಯಮ್ಮನ ಕಣ್ಣ ಮುಂದೆ ಬಂತು.

"ತಾಳು, ಕುಡೀಬೇಡ" ಎಂದು ಅವರು ಚೊಂಬನ್ನು ಹಿಂದಕ್ಕೆ ಎಳೆದುಕೊಂಡರು. "ಆ ನೀರು ಬೇಡ. ಕೀರ್ತನಾ, ಕಾಸಿದ್ದು ಇದ್ರೆ ಕೊಡು."

"ಯಾಕೆ ಅತ್ತೆ?" ಎಂದಳು ಕೀರ್ತನಾ. "ದಿನಾ ನಾನು ಇದನ್ನೇ ಕುಡಿಯೋದು."

ಮುನಿತಾಯಮ್ಮ ಸೊಸೆಯ ಮುಖ ನೋಡಿದರು, ಹೊಟ್ಟೆ ನೋಡಿದರು. ಗುರುತು ಪರಿಚಯವಿಲ್ಲದವಳಿಗೆ ಕೊಡಲು ಕೈ ಬಾರದ ನೀರನ್ನು ನಮ್ಮ ಮನೆಯ ಕೂಸಿಗೆ ದಿನವೂ ಕುಡಿಸುತ್ತಿದ್ದೆನಲ್ಲ ಎಂದುಕೊಂಡರು. ಸೆರಗಿನಿಂದ ಕಣ್ಣು ಒತ್ತಿಕೊಂಡು, "ಬರ್ಕೋ ಶಿವಕ್ಕ" ಎಂದರು. "ಇಬ್ಬರಿಗೆ ಬಂದಿದೆ. ನಾನೇ ಬಾಯಿ ಮುಚ್ಚಿಸಿದ್ದೆ."

ಶಿವಕ್ಕ ಛೀ ಎನ್ನಲಿಲ್ಲ, ನೀತಿ ಹೇಳಲಿಲ್ಲ. ಹೇಳಿದಷ್ಟನ್ನೂ ಬರೆದುಕೊಂಡರು. ಸಂಪು ಎಲ್ಲಿದೆ, ಒಳಚರಂಡಿ ಚೇಂಬರ್ ಎಲ್ಲಿದೆ ಎಂದು ಕೇಳಿದರು. ಎರಡೂ ಅಕ್ಕಪಕ್ಕದಲ್ಲೇ ಇದ್ದವು. ಕೊನೆಗೆ ಟ್ಯಾಬು ಮುಚ್ಚಿಟ್ಟು ಮಾತಾಡಿದರು. "ನನ್ನ ಪ್ರಶ್ನೆ ಮುಗೀತು ಅಮ್ಮ. ಇನ್ನು ಹೇಳೋದು ನಿಮಗೋಸ್ಕರ. ಬಸುರಿ ಹೆಂಗಸಿಗೆ ಕಾಮಾಲೆ ಬಂದ್ರೆ ತಾಯಿಗೂ ಮಗೂಗೂ ಅಪಾಯ. ನಾಳೆನೇ ಇವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಇವತ್ತಿಂದ ಎಲ್ಲ ಮನೆಯವರೂ ನೀರು ಕುದಿಸಿ ಕುಡೀರಿ. ನೀರು ಪರೀಕ್ಷೆ ಮಾಡ್ಸಬೇಕು ಅಂದ್ರೆ ನಾನು ಹೇಳಿ ಆರೋಗ್ಯ ಕೇಂದ್ರದವರನ್ನ ಕಳಿಸ್ತೀನಿ. ಬೇಕೋ ಬೇಡ್ವೋ ನಿಮ್ಮಿಷ್ಟ."

"ಕೇಳೋದೇನಿದೆ, ಕಳಿಸಮ್ಮ" ಎಂದರು ಮುನಿತಾಯಮ್ಮ.

ಮರುದಿನವೇ ಆ ಅತ್ತೆ ಕೀರ್ತನಾಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ವರದಿ ಬರುವ ತನಕ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು. ದೇವರು ದೊಡ್ಡವನು, ಕೀರ್ತನಾಳಿಗೆ ಏನೂ ಆಗಿರಲಿಲ್ಲ. ಆದರೆ ಸಂಪಿನ ನೀರು ಕೆಟ್ಟಿತ್ತು. ಗಾರೆಯವರು ನೆಲ ಅಗೆದು ನೋಡಿದರೆ ಚೇಂಬರಿನ ಗೋಡೆ ಬಿರುಕುಬಿಟ್ಟು, ಗಲೀಜು ನೀರು ಸಂಪಿನೊಳಕ್ಕೆ ಜಿನುಗುತ್ತಿತ್ತು. ಚೇಂಬರನ್ನು ದೂರಕ್ಕೆ ಕಟ್ಟಿಸಿ, ಸಂಪು ತೊಳೆಸಿ, ನೀರನ್ನು ಮತ್ತೆ ಪರೀಕ್ಷೆ ಮಾಡಿಸಿದ್ದಾಯಿತು.

ಮುನಿತಾಯಮ್ಮ ಬಾಡಿಗೆಯವರನ್ನು ಮತ್ತೆ ಕರೆದರು. ಈ ಸಲ ಗುಟ್ಟು ಮಾಡಲಿಲ್ಲ. "ನಂದು ತಪ್ಪಾಯ್ತು ಕಣ್ರಪ್ಪ. ಮನೆ ಖಾಲಿ ಮಾಡ್ತೀವಿ ಅಂದ್ರೂ ನಾನು ಏನೂ ಅನ್ನಲ್ಲ."

"ಬಿಡೋದಾಗಿದ್ರೆ ಕಾಯಿಲೆ ಬಂದಾಗ್ಲೇ ಬಿಡ್ತಿದ್ವಿ ಆಂಟಿ" ಎಂದ ಮಹದೇವ. "ಈಗ ನೀರು ಸರಿ ಆಯ್ತಲ್ಲ, ಈಗ್ಯಾಕೆ ಬಿಡೋಣ?"

ಆಮೇಲಿನ ವಾರ ಶಿವಕ್ಕ ಯಶ್ವಂತನನ್ನೂ ಜೊತೆಗೆ ಕರೆದುಕೊಂಡು ಅದೇ ಬೀದಿಗೆ ಬಂದರು. ಎದುರು ಮನೆಯ ಬೈರಯ್ಯ, "ಹೇಳಲ್ಲ, ಹೋಗಿ" ಎಂದು ಗೇಟು ಹಾಕಿದ. ಮುನಿತಾಯಮ್ಮ ಈಚೆಯಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಲೋ ಬೈರಯ್ಯ, ಗೇಟು ತೆಗೀತೀಯೋ, ನಾನೇ ಬರ್ಲೋ?"

ಶಿವಕ್ಕ ನಗುತ್ತ ಅವರ ಕೈ ಹಿಡಿದರು. "ಬೇಡಿ ಅಮ್ಮ. ಇಲ್ಲ ಅನ್ನೋ ಹಕ್ಕು ಅವರಿಗೂ ಇದೆ. ಯಾವಾಗ ಬಿಡುವು ಅಂತ ಕೇಳ್ಕೊಂಡು ಇನ್ನೊಂದಿನ ಬರ್ತೀವಿ." ಆಮೇಲೆ ಯಶ್ವಂತನ ಕಡೆ ತಿರುಗಿದರು. "ಈಗ ನೀನು ಕೇಳು ನೋಡೋಣ."

ಯಶ್ವಂತ್ ಟ್ಯಾಬನ್ನು ಚೀಲಕ್ಕೆ ಹಾಕಿ, ಬೈರಯ್ಯನ ಮುಖ ನೋಡಿ, ನಮಸ್ಕಾರ ಅಂದ. ಮುನಿತಾಯಮ್ಮ ಅದನ್ನು ಕಣ್ಣರಳಿಸಿ ನೋಡಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅವರು ಹುಟ್ಟಿದಾಗಿನಿಂದ ಕೇಳಿದ್ದರು. ಮಾತು ಬಲ್ಲವರಿಂದ ರೋಗವೂ ದೂರವಾಗುತ್ತದೆ ಎಂಬುದನ್ನು ಈಗ ಕಂಡಿದ್ದರು.

"ಬನ್ನಿ ಇಬ್ರೂ, ನೀರು ಕುಡ್ಕೊಂಡು ಹೋಗಿ" ಎಂದು ಕರೆದರು. ಕುದಿಸಿ ಆರಿಸಿದ ನೀರಿನ ಚೊಂಬನ್ನು ಮೊದಲು ಸೊಸೆಗೆ ಕೊಟ್ಟರು, ಆಮೇಲೆ ಬಂದವರಿಗೆ.

ಓದಿದವರೇ, ಕೇಳಿದವರೇ, ನಿಮ್ಮ ಗೇಟಿನ ಮುಂದೆಯೂ ನಾಳೆ ಯಾರಾದರೂ ನಿಂತಾರು. ಗುರುತಿನ ಚೀಟಿ ನೋಡಿ. ಅನುಮಾನ ಬಂದರೆ ಕಚೇರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಓಟಿಪಿ, ಬ್ಯಾಂಕಿನ ವಿವರ ಯಾರು ಕೇಳಿದರೂ ಕೊಡಬೇಡಿ. ಬಂದವರು ಸರಿಯಾದವರೆಂದು ಗೊತ್ತಾದ ಮೇಲೆ ಸ್ವಲ್ಪ ಹೊತ್ತು ಕೂತು ನಿಜ ಹೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನಿ, ಸುಳ್ಳು ಮಾತ್ರ ಬರೆಸಬೇಡಿ. ಇನ್ನು ಕೇಳಲು ಹೋಗುವ ಅಣ್ಣ ತಮ್ಮ ಅಕ್ಕ ತಂಗಿಯರೇ, ಪ್ರಶ್ನೆಗೆ ಮುಂಚೆ ಮನುಷ್ಯರನ್ನು ನೋಡಿ, ಬೇಡ ಅಂದವರ ಕಾರಣವನ್ನು ಕೇಳಿಸಿಕೊಳ್ಳಿ, ಬರುತ್ತೇನೆ ಅಂದ ದಿನ ತಪ್ಪದೆ ಹೋಗಿ. ನೀವು ಚೆನ್ನಾಗಿ ಕೇಳಿ, ನಾವು ನಿಜ ಹೇಳಿದರೆ, ಯಾವುದೋ ಮನೆಯ ಹುಟ್ಟದ ಕೂಸೊಂದು ಅಮ್ಮನ ಹೊಟ್ಟೆಯಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ.