ಬೆರಳಿಗೆ ಸಿಕ್ಕಿದ್ದು

ನನ್ನ ಗಂಡ ಯಾವ ವಸ್ತುವನ್ನೂ ಸುಮ್ಮನೆ ನೋಡಿದವರಲ್ಲ. ಕೊನೆಯ ದಿನವೂ ಹಾಗೆಯೇ. ಬೆಳಿಗ್ಗೆ ನಾನು ಕೊಟ್ಟ ಚಹಾದ ಕಪ್ಪನ್ನು ತಿರುಗಿಸಿ ನೋಡಿ, "ಅಂಚಲ್ಲೊಂದು ಸೀಳು, ಆದ್ರೂ ಪರವಾಗಿಲ್ಲ" ಎಂದರು. ಆಮೇಲೆ ಸೋಪು ಹಾಕಿ ಕೈ ತೊಳೆದು, ಒರೆಸಿ, ಇನ್ನೊಂದು ಒಣಬಟ್ಟೆಯಲ್ಲಿ ಮತ್ತೆ ಒರೆಸಿ, ಕಿಟಕಿಯ ಬಳಿ ನಿಂತು ನನ್ನನ್ನು ಕರೆದರು.

ಹಳೆಯ ಪೋಸ್ಟರುಗಳಿಗೂ ರಟ್ಟಿಲ್ಲದ ಹಳೆಯ ಕಾದಂಬರಿಗಳಿಗೂ ದರ್ಜೆ ಕೊಡುವುದು ಅವರ ಕೆಲಸ. ಇಂಥವನ್ನು ಕೂಡಿಡುವ ಹುಚ್ಚಿನವರು ಕೊಳ್ಳುವ ಮೊದಲು ಇವರಿಗೆ ಕಳಿಸುತ್ತಿದ್ದರು. ಬೆನ್ನು ಸಡಿಲವಾಗಿದೆಯೇ, ಮೂಲೆ ಮಡಿಚಿದೆಯೇ, ಹುಳು ತಿಂದಿದೆಯೇ, ಹರಿದದ್ದಕ್ಕೆ ಯಾರಾದರೂ ತೇಪೆ ಹಾಕಿ ಬಣ್ಣ ಬಳಿದಿದ್ದಾರೆಯೇ ಎಂದು ನೋಡಿ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು: ಉತ್ತಮ, ಪರವಾಗಿಲ್ಲ, ಸವೆದದ್ದು. ಎಲ್ಲಕ್ಕೂ ಮೇಲೆ 'ಹೊಸದರಂತೆ' ಎಂಬುದೊಂದಿತ್ತು. ಮೂವತ್ತು ವರ್ಷದಲ್ಲಿ ಅದನ್ನು ಯಾವುದಕ್ಕೂ ಕೊಡಲಿಲ್ಲ. "ಜನರ ಕೈ ದಾಟಿ ಬಂದದ್ದು ಹೊಸದರಂತೆ ಹೇಗಿರುತ್ತೆ?" ಎನ್ನುತ್ತಿದ್ದರು.

ಬೀದಿಯವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಈಗಷ್ಟೇ ತೊಳೆದುಕೊಂಡವರ ಹಾಗೆ ನಡೆಯುತ್ತಿದ್ದರು. ಒಂದೇ ಬೂದು ಕೋಟು. ಎಡಜೇಬಿನಲ್ಲಿ ನಿಜವಾದ ಭೂತಗನ್ನಡಿ, ಬಲಜೇಬಿನಲ್ಲಿ ಮೆತ್ತನೆಯ ಬ್ರಷ್ಷು. ಯಾರಾದರೂ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದರೆ ಇವರಿಗೆ ಕೆಂಡ ತುಳಿದಂತಾಗುತ್ತಿತ್ತು. ನೆಂಟರನ್ನೂ ಬಿಡಲಿಲ್ಲ. ನನ್ನ ಅಣ್ಣ ಬಂದುಹೋದ ಮೇಲೆ, "ಮುಖಪುಟ ಉತ್ತಮ, ಒಳಗೆ ಹಾಳೆ ಕಮ್ಮಿ" ಎಂದರು.

"ಮತ್ತೆ ನಾನು?"

"ನೀನಾ? ಬೆನ್ನು ಗಟ್ಟಿ, ಬಾಯಿ ಸಡಿಲ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಬೆರಳಿಗೆ ಓದು ಬೇಡ. ಪೋಸ್ಟರನ್ನು ಬೆಳಕಿಗೆ ಎತ್ತಿ ಹಿಡಿಯುವುದು ನನ್ನ ಪಾಲಿನ ಕೆಲಸ. ನಾನು ಕಿಟಕಿಯ ಕಡೆ, ಅವರು ಕೋಣೆಯ ಕಡೆ, ನಡುವೆ ಕಾಗದ. ತೇಪೆ ಇದ್ದಲ್ಲಿ ಬೆಳಕು ಹಾಯದೆ ಅವರಿಗೆ ಕಪ್ಪಾಗಿ ಕಾಣುತ್ತಿತ್ತು. ನನ್ನ ಬೆರಳಿಗೆ ದಪ್ಪವಾಗಿ ಸಿಗುತ್ತಿತ್ತು. ನೋಡಿ ಮುಗಿದ ಮೇಲೆ ಪ್ರತಿ ಸಲವೂ ಕೇಳುವರು: "ಬೆರಳಿಗೇನಾದ್ರೂ ಸಿಕ್ತೇನೇ?" ನಾನು ಹೇಳಿದ ಮೇಲೆಯೇ ಪೆನ್ಸಿಲು ಎತ್ತುವುದು.

ಆ ಕೊನೆಯ ವಾರ ಎರಡು ತೇಪೆಗಳು ಅವರ ಕಣ್ಣಿಗೆ ತಪ್ಪಿಹೋಗಿದ್ದವು. ಎರಡನ್ನೂ ನಾನೇ ಹೇಳಿದೆ. ಎರಡನೆಯ ಸಲ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. "ಇನ್ನು ನನ್ನ ಚೀಟೀನ ಯಾರು ನಂಬ್ತಾರೆ?" ಎಂದರು.

ಕೊನೆಯ ದಿನದ್ದು ಒಂದು ಸರ್ಕಸ್ಸಿನ ಪೋಸ್ಟರು. ಬೆಂಕಿಯ ಬಳೆಯೊಳಗಿಂದ ಹುಲಿ ಹಾರುತ್ತಿತ್ತು. ಹುಲಿಯ ಬಾಲವಿದ್ದ ಮೂಲೆ ನನ್ನ ಹೆಬ್ಬೆರಳಿಗೆ ದಪ್ಪವಾಗಿ ಸಿಕ್ಕಿತು. ಅಂಗೈಯಗಲದ ತೇಪೆ. ಮೊದಲಾಗಿದ್ದರೆ ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು. ಕಾಗದದ ಆಚೆ ಅವರು ಹಾಡಿಕೊಳ್ಳುತ್ತಿದ್ದರು. ಎಷ್ಟೋ ದಿನವಾಗಿತ್ತು ಆ ದನಿ ಕೇಳಿ.

"ಎಷ್ಟು ಚೆನ್ನಾಗಿ ಉಳ್ಕೊಂಡಿದೆ ನೋಡೇ! ಬೆರಳಿಗೇನಾದ್ರೂ ಸಿಕ್ತಾ?"

"ಏನೂ ಇಲ್ಲ."

ಸಡಿಲ ಬಾಯಿ ಅವತ್ತೇ ಬಿಗಿಯಾಯಿತು. ಅವರು 'ಉತ್ತಮ' ಎಂದು ಬರೆದು, ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡರು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಕುಸಿದವರು ಏಳಲಿಲ್ಲ.

ಹದಿನೈದು ದಿನದ ಮೇಲೆ, ಹುಲಿಯನ್ನು ಕೊಳ್ಳಬೇಕೆಂದಿದ್ದ ಮುದುಕರು ಬಂದರು. ಚೀಟಿ ಓದಿ ಕಣ್ಣಿಗೊತ್ತಿಕೊಂಡರು. ಸುರುಳಿಯನ್ನು ಬಿಚ್ಚಲಿಲ್ಲ.

"ಅವರ ಚೀಟಿ ಇದ್ಮೇಲೆ ಬಿಚ್ಚಿ ನೋಡೋದೇನಿದೆ, ತಾಯೀ?"

ಹೇಳಿದರೆ ಇವರ ಕಣ್ಣು ಹೋಗಿತ್ತೆಂದು ಊರಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಆ ಹುಲಿ ಇರುವ ತನಕ ಇವರ ಅಕ್ಷರ ಸುಳ್ಳು ಹೇಳುತ್ತಿರುತ್ತದೆ.

"ಬಿಚ್ಚಿ" ಎಂದೆ. ಅವರ ಬೆರಳನ್ನು ಹಿಡಿದು ಆ ಮೂಲೆಗೆ ಇಟ್ಟೆ.

"ಅವರು ತಪ್ಪೋರಲ್ವಲ್ಲ!"

"ಕಣ್ಣು ತಪ್ಪಿತ್ತು. ಅದಕ್ಕೇ ನನ್ನ ಕೇಳಿದ್ರು. ನಾನು ಸುಳ್ಳು ಹೇಳ್ದೆ."

"ಯಾಕೆ ತಾಯೀ?"

"ಅವತ್ತು ಹಾಡ್ತಿದ್ರು."

ನನ್ನ ಗಂಡನ ಪೆನ್ಸಿಲಿನಿಂದಲೇ 'ಉತ್ತಮ'ದ ಮೇಲೆ ಗೀಟೆಳೆದು, ಕೆಳಗೆ 'ಮೂಲೆಗೆ ತೇಪೆ' ಎಂದು ಬರೆದೆ. ಎರಡು ಪದಕ್ಕೆ ಬಹಳ ಹೊತ್ತು ಹಿಡಿಯಿತು. ಮುದುಕರು ಹುಲಿಯನ್ನು ಸುತ್ತಿಕೊಂಡು ಹೋದರು. ಕೊಂಡರೋ ಮಾರುವವರಿಗೆ ಹಿಂದಕ್ಕೆ ಕೊಟ್ಟರೋ ತಿಳಿಯದು.

ನನ್ನ ಗಂಡನಂಥವರನ್ನು ಜನ ತಪ್ಪು ಹುಡುಕುವವರು ಎಂದು ದೂರ ಇಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬದುಕುವವರಿಗೆ, ಇದ್ದ ಹಾಗೆ ಹೇಳುವವರು ಮನೆಯಲ್ಲಿ ಒಬ್ಬರಾದರೂ ಬೇಕು. ಇಲ್ಲವಾದರೆ ಅವರು ಒಂಟಿ. ಒಂದು ದಿನ, ಅದೂ ಕೊನೆಯ ದಿನ, ನಾನು ಅವರನ್ನು ಒಂಟಿ ಮಾಡಿದೆ.

ಅವರದೇ ಏಳು ಪೋಸ್ಟರುಗಳು ಬೀರುವಿನಲ್ಲಿವೆ. ಹುಳು ಬೀಳಬಾರದು. ದಿನಾ ಬೆಳಿಗ್ಗೆ ಕೈ ತೊಳೆದು, ಎರಡು ಬಟ್ಟೆಯಲ್ಲಿ ಒರೆಸಿಕೊಂಡು, ಒಂದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತೇನೆ. ಆಚೆ ಯಾರೂ ಇಲ್ಲ. ಬೆರಳಿಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹೇಳಿ, ಸುತ್ತಿ ಒಳಗಿಡುತ್ತೇನೆ.