ಕೋರಸ್ ಹುಡುಗಿ

ಹಿಂದಿನ ಸಾಲಿನಲ್ಲಿ ಯಾರೋ "ಕೇಸ್ ಕೈಬಿಟ್ರಂತೆ" ಎಂದಾಗ ಡ್ರೈವರ್ ಗೇರ್ ಬದಲಿಸುತ್ತಿದ್ದ. ಗೇರು ಕೂರಲಿಲ್ಲ. ಬಸ್ಸು ಹೊಟ್ಟೆಯೊಳಗೆ ಕರಕರ ಎಂದು ಒಮ್ಮೆ ಜಗ್ಗಿತು. ನಿಂತಿದ್ದವರು ಕಂಬಿಗೆ ಜೋತುಬಿದ್ದರು.

"ಏನ್ ಗುರುವೇ, ಖುಷಿ ತಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೂ?" ಎನ್ನುತ್ತಾ ಕಂಡಕ್ಟರ್ ಜನರ ನಡುವೆ ಭುಜ ತೂರಿಸಿಕೊಂಡು ಮುಂದೆ ಬಂದ.

ಡಿಪೊದಲ್ಲಿ ಈ ಕಂಡಕ್ಟರನಿಗೆ ರೇಡಿಯೊ ಎಂದೇ ಹೆಸರು. ಅವನನ್ನು ಆಫ್ ಮಾಡುವ ಗುಂಡಿ ಎಲ್ಲಿದೆಯೆಂದು ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ. ಡ್ರೈವರ್ ಅವನಿಗೆ ತದ್ವಿರುದ್ಧ, ಕೇಳಿದ್ದಕ್ಕಷ್ಟೇ ಉತ್ತರ. ಒಬ್ಬ ಆಡುತ್ತ, ಒಬ್ಬ ಕೇಳುತ್ತ, ಇಬ್ಬರೂ ಒಂದೇ ರೂಟಿನಲ್ಲಿ ತಲೆ ನರೆಸಿಕೊಂಡಿದ್ದರು. ಡ್ರೈವರನ ಮಗಳನ್ನು ರೇಡಿಯೊ ತೊಟ್ಟಿಲಲ್ಲಿ ನೋಡಿದವನು. ಅವಳಿಗೆ ಅವನು ಮಾವ.

ಬಸ್ಸಿನ ತುಂಬ ಮೊಬೈಲುಗಳು ಒಂದರ ಹಿಂದೊಂದು ಗುಂಯ್ಗುಟ್ಟತೊಡಗಿದವು. ಮುದುಕನೊಬ್ಬ ಯಾವ ಕೇಸು ಎಂದು ಕೇಳಿದ. "ಇನ್ಯಾವ್ದು ಅಜ್ಜ, ಬಂಗಾರದ್ದು" ಎಂದರು ನಾಲ್ಕಾರು ಜನ.

ಗಾಯಕನನ್ನು ಪತ್ರಿಕೆಗಳು 'ಬಂಗಾರದ ಗಂಟಲು' ಎಂದು ಕರೆದಿದ್ದವು. ಜನ ಅದನ್ನು ಮೊಟಕು ಮಾಡಿ ಬರೀ ಬಂಗಾರ ಎಂದಿದ್ದರು. ಕ್ಷೌರದಂಗಡಿಯಲ್ಲಿ, ಮದುವೆ ಮನೆಯಲ್ಲಿ, ಗ್ಯಾರೇಜಿನಲ್ಲಿ, ಎಲ್ಲಿ ಹೋದರೂ ಅವನದೇ ದನಿ. ಕಳೆದ ಬೇಸಿಗೆಯಲ್ಲಿ ರೆಕಾರ್ಡಿಂಗ್ ನಡೆಯುತ್ತಿದ್ದಾಗ, ಉಳಿದವರೆಲ್ಲ ಊಟಕ್ಕೆ ಎದ್ದ ಹೊತ್ತಿನಲ್ಲಿ, ಕೋರಸ್ ಹಾಡುವ ಹುಡುಗಿಯೊಬ್ಬಳನ್ನು ಒಳಗೆ ಉಳಿಸಿಕೊಂಡು ಬಾಗಿಲು ಹಾಕಿಕೊಂಡ ಎಂದು ಅವನ ಮೇಲೆ ದೂರು ದಾಖಲಾಗಿತ್ತು. ಒಳಗಿನ ಸದ್ದು ಹೊರಗೆ ಕೇಳದಂತೆ ಕಟ್ಟಿದ ಕೋಣೆ ಅದು. ಹುಡುಗಿಯ ಹೆಸರನ್ನು ಎಲ್ಲೂ ಬರೆಯುವಂತಿರಲಿಲ್ಲ, ಕಾನೂನು ಹಾಗಿತ್ತು. ಆದ್ದರಿಂದ ಊರಿನ ಬಾಯಲ್ಲಿ ಅವಳು ಬರೀ ಕೋರಸ್ ಹುಡುಗಿ.

ಡ್ರೈವರನ ಮನೆಯಲ್ಲಿ ಅವಳು ಒಬ್ಬಳೇ ಮಗಳು.

ರೇಡಿಯೊಗೆ ಇದು ಗೊತ್ತಿರಲಿಲ್ಲ. ಹುಡುಗಿ ಜಾಹೀರಾತುಗಳಿಗೆ ಹಾಡುತ್ತಾಳೆ ಎನ್ನುವವರೆಗೆ ಅವನಿಗೆ ತಿಳಿದಿತ್ತು. ಬಂಗಾರದ ತಂಡಕ್ಕೆ ಸೇರಿದ್ದನ್ನು ಡ್ರೈವರ್ ಹೇಳಿರಲಿಲ್ಲ. ಹೇಳಿದ್ದರೆ ಮರುದಿನವೇ ಇಡೀ ಡಿಪೊ ಕಾರ್ಯಕ್ರಮದ ಪಾಸು ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತಿತ್ತು. ಆಮೇಲೆ ಹೇಳುವ ಮಾತೇ ಉಳಿಯಲಿಲ್ಲ. ಹಾಡು ಬಿಟ್ಟಿದ್ದಾಳೆ, ಗಂಟಲಿಗೆ ತೊಂದರೆ ಎಂದಷ್ಟೇ ಹೇಳಿದ್ದ.

ಕೋರ್ಟಿನ ಹಿಂದಿನ ಗೇಟಿನ ಸ್ಟಾಪು ಹತ್ತಿರವಾಗುತ್ತಿತ್ತು. ತಾನೂ ಕೋರ್ಟಿಗೆ ಬರುತ್ತೇನೆಂದು ಬೆಳಿಗ್ಗೆ ಅವನು ಹೊರಟಾಗ ಮಗಳೇ ತಡೆದಿದ್ದಳು. "ಬೇಡಪ್ಪ. ನಿನ್ನ ಮುಖ ಈ ರೂಟಿನ ಜನಕ್ಕೆಲ್ಲ ಗೊತ್ತು. ನೀನು ಡ್ಯೂಟಿಲಿರು. ಮುಗಿದ ಮೇಲೆ ನಿನ್ನ ಬಸ್ಸಲ್ಲೇ ಬರ್ತೀನಿ." ಹಾಗಾಗಿ ಪ್ರತಿ ಟ್ರಿಪ್ಪಿನಲ್ಲೂ ಆ ಗೇಟಿನ ಮುಂದೆ ಬಸ್ಸು ನಿಂತಾಗ ಅವನು ಕತ್ತು ಚಾಚಿ ನೋಡಿದ್ದ. ಈ ಸಲ ಕತ್ತು ಚಾಚುವುದು ಬೇಕಿರಲಿಲ್ಲ. ಕಾಂಪೌಂಡಿನ ನೆರಳಿನಲ್ಲಿ, ಚೀಲವನ್ನು ಎದೆಗೆ ಅವುಚಿಕೊಂಡು, ಅವಳು ನಿಂತಿದ್ದಳು.

ಮುಂದಿನ ಬಾಗಿಲಿನಿಂದ ಹತ್ತಿ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು.

"ಏನಾದ್ರೂ ತಿಂದ್ಯಾ?" ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

"ತಿಂದೆ. ನೀನು?"

"ಹ್ಞೂಂ."

ಇಬ್ಬರೂ ಏನನ್ನೂ ತಿಂದಿರಲಿಲ್ಲ.

"ಅರೆ, ಮಗಳು ಬಂದ್ಳು" ಎಂದು ರೇಡಿಯೊ ಹಲ್ಲು ಬಿಟ್ಟ. ಹಿಂದೆ ಯಾರೋ ಪೆಪ್ಪರ್‌ಮೆಂಟಿನ ಪೊಟ್ಟಣ ಒಡೆದು ಹಂಚುತ್ತಿದ್ದರು. ಅದರಲ್ಲಿ ಒಂದು ಹಿಡಿ ತಂದು ಅವಳ ಅಂಗೈಗೆ ಸುರಿದ. "ತಗೋ, ಬಾಯಿ ಸಿಹಿ ಮಾಡ್ಕೋ. ನಿನಗೆ ಗೊತ್ತಾಯ್ತು ತಾನೆ?"

"ಗೊತ್ತಾಯ್ತು ಮಾವ."

"ನಾನಂತೂ ಮೊದಲ ದಿನದಿಂದ ಹೇಳ್ತಾನೇ ಇದ್ದೆ. ಬೇಕಾದ್ರೆ ನಿಮ್ಮಪ್ಪನ್ನ ಕೇಳು. ನಿಮ್ಮತ್ತೆ ಹಾಸಿಗೆ ಹಿಡಿದಾಗ ಯಾವ ಮಾತ್ರೆಗೂ ನಿದ್ದೆ ಬರ್ತಿರ್ಲಿಲ್ಲ. ಅವನ ಆ ದೀಪದ ಹಾಡು ಹಾಕಿದ್ರೆ ಮಾತ್ರ ಕಣ್ಣು ಮುಚ್ತಿದ್ಲು. ಅಂಥಾ ದನಿ ಇರೋನು ಇಂಥಾ ಕೆಲಸ ಮಾಡ್ತಾನಾ? ನೀನೂ ಮೊದ್ಲು ಹಾಡ್ತಿದ್ದೋಳು, ನಿಮ್ಮ ಕಡೆಯೋರಿಗೆ ಗೊತ್ತಿರುತ್ತಲ್ಲ. ಯಾರಂತೆ ಅವಳು?"



"ಗೊತ್ತಿಲ್ಲ ಮಾವ" ಎಂದಳು ಮಗಳು.

ಟೈ ಕಟ್ಟಿದ್ದ ಒಬ್ಬಾತ, ಹೆಸರು ಮಾಡಿದವರ ಮೇಲೆ ಕೆಸರೆರಚುವುದು ಈಗ ಒಂದು ಉದ್ಯೋಗವೇ ಆಗಿಬಿಟ್ಟಿದೆ ಎಂದ. ಕೊನೆಗೂ ಸತ್ಯ ಗೆದ್ದಿತು ಎಂದ ಇನ್ನೊಬ್ಬ. ತೊಡೆಯ ಮೇಲೆ ತರಕಾರಿ ಚೀಲ ಇಟ್ಟುಕೊಂಡಿದ್ದ ಹೆಂಗಸು ಮಾತ್ರ, "ಸುಮ್ಸುಮ್ನೆ ಯಾವ ಹುಡುಗಿ ತಾನೆ ಕೋರ್ಟು ಕಚೇರಿ ಅಲೀತಾಳೆ" ಎಂದು ತನ್ನಷ್ಟಕ್ಕೆ ಎಂಬಂತೆ ಗೊಣಗಿದಳು. ಪಕ್ಕದವರು ಅವಳ ಕಡೆ ತಿರುಗಿ ನೋಡಿದ್ದೇ ತಡ, ಬೀನ್ಸಿನ ತುದಿ ಮುರಿಯುವುದರಲ್ಲಿ ಮುಳುಗಿಬಿಟ್ಟಳು.

"ಅಲೆಯೋದೇನು ಬಂತಮ್ಮ" ಎಂದ ರೇಡಿಯೊ. ಬಸ್ಸೆಲ್ಲ ತನ್ನ ಕಡೆ ಕಿವಿಗೊಟ್ಟಾಗ ಅವನ ದನಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. "ಆ ಕೋರಸ್ ಹುಡುಗಿ ನನ್ನ ಬಸ್ಸಿಗೆ ಹತ್ತಲಿ, ನಾನೇ ಫ್ರೀಯಾಗಿ ಟಿಕೆಟ್ ಹರಿದು ಕೊಡ್ತೀನಿ. ಲಾಸ್ಟ್ ಸ್ಟಾಪಿಗೆ ಹೋಗಮ್ಮ, ಅಲ್ಲಿಂದ ಆಚೆಗೂ ಹಂಗೇ ನಡ್ಕೊಂಡು ಹೋಗ್ತಾ ಇರು ಅಂತೀನಿ."

ಬಸ್ಸು ಗೊಳ್ಳೆಂದಿತು. ಮೇಲಿನ ಕನ್ನಡಿಯಲ್ಲಿ ಡ್ರೈವರ್ ಮಗಳ ಮುಖ ಹುಡುಕಿದ. ಅವಳು ತಲೆ ತಗ್ಗಿಸಿ ಅಂಗೈಯಲ್ಲಿದ್ದ ಪೆಪ್ಪರ್‌ಮೆಂಟುಗಳನ್ನು ನೋಡುತ್ತಿದ್ದಳು. ಒಂದೂ ಕೆಳಗೆ ಬೀಳದ ಹಾಗೆ ಬೆರಳು ಮಡಚಿ ಹಿಡಿದಿದ್ದಳು, ಮಕ್ಕಳು ಹಿಡಿಯುವಂತೆ.

ದೊಡ್ಡ ವೃತ್ತಕ್ಕೆ ಬರುವಷ್ಟರಲ್ಲಿ ರಸ್ತೆ ಮುಚ್ಚಿಹೋಗಿತ್ತು. ಎಲ್ಲಿ ನೋಡಿದರೂ ಗಾಯಕನ ಚಿತ್ರ, ಲಾರಿಯ ಮೇಲೆ ಆಳೆತ್ತರದ ಸ್ಪೀಕರು. ಡೊಳ್ಳುಹೊಟ್ಟೆಯ ಗಂಡಸರು ಶರ್ಟು ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತಿದ್ದರು. ಕಾಲೇಜು ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕುಣಿಯುತ್ತಿದ್ದರು. ಅವರಲ್ಲಿ ಒಬ್ಬಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಪೊಲೀಸಿನವನು ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದುವುದನ್ನು ಮರೆತು, ನಗುತ್ತಾ ನಿಂತಿದ್ದ. ಗೋಂದಿನ ಬಕೆಟ್ಟು ಹಿಡಿದ ಗುಂಪೊಂದು ನಿಂತ ವಾಹನಗಳಿಗೆಲ್ಲ ಪೋಸ್ಟರ್ ಅಂಟಿಸುತ್ತಾ ಬಂದು, ಬಸ್ಸಿನ ಮುಂದಿನ ಗಾಜಿನ ಎಡಭಾಗಕ್ಕೆ ಪೊರಕೆಯಷ್ಟು ದಪ್ಪದ ಬ್ರಷ್ಷು ಎಳೆಯಿತು. ಅಂಟಿಸಿದ ಹಾಳೆಯ ಬೆನ್ನು ಮಾತ್ರ ಒಳಗಿನವರಿಗೆ ಕಂಡಿತು. ಬೆಳಕಿಗೆ ಅಡ್ಡವಾಗಿ, ಮುಖದ ಗೆರೆಗಳು ತಿರುಗುಮುರುಗಾಗಿ ಮೂಡಿದ್ದವು.

"ಅಣ್ಣ, ಹಾರ್ನ್ ಹೊಡೀರಿ" ಎಂದು ಒಬ್ಬ ಕಿಟಕಿಯ ಹತ್ತಿರ ಬಂದ. "ಎಲ್ರೂ ಹೊಡೀತಿದಾರೆ. ಉದ್ದಕ್ಕೆ ಒಂದು ಹೊಡೆದು ಹೋಗ್ತಾ ಇರಿ."

ನಿಜ, ಮುಂದಿನ ಕಾರು, ಪಕ್ಕದ ಟೆಂಪೊ, ಹಾಲಿನ ವ್ಯಾನು ಎಲ್ಲವೂ ಬೊಬ್ಬಿಡುತ್ತಿದ್ದವು. ಹಾರ್ನ್ ಹೊಡೆದವರಿಗೆ ಗುಂಪು ದಾರಿ ಬಿಡುತ್ತಿತ್ತು.

ಡ್ರೈವರ್ ಎಂಜಿನ್ ಆಫ್ ಮಾಡಿದ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಏನಾಯ್ತು?" ಎಂದ ರೇಡಿಯೊ.

"ಏನಿಲ್ಲ. ಅವರು ಹೋಗ್ಲಿ."

"ಅವರೆಲ್ಲಿ ಹೋಗ್ತಾರೆ, ಕತ್ತಲಾಗೋವರೆಗೂ ಇಲ್ಲೇ ಇರ್ತಾರೆ. ಒಂದು ಸಲ ಒತ್ತಿಬಿಡು ಮಾರಾಯ."

"ಒತ್ತಲ್ಲ."

ಹಿಂದಿನಿಂದ ಒಬ್ಬೊಬ್ಬರೇ ಶುರುಮಾಡಿದರು. ಒಬ್ಬನಿಗೆ ಶಿಫ್ಟಿಗೆ ಹೊತ್ತಾಗಿತ್ತು. ಮುದುಕನಿಗೆ ಡಾಕ್ಟರು ಎದ್ದುಹೋಗುತ್ತಾರೆಂಬ ಚಿಂತೆ. ಡ್ರೈವರನಿಗೆ ಏನು ಬಂದಿದೆ ರೋಗ ಎಂದ ಟೈಯವನು. ಹೊರಗೆ ಗುಂಪಿಗೂ ಇದು ತಿಳಿಯಿತು. ಯಾರೋ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದರು. ಒಂದು ಬಡಿತ ಹತ್ತಾಯಿತು. ಬಸ್ಸು ತೊಟ್ಟಿಲಿನಂತೆ ತೂಗತೊಡಗಿತು. ಡ್ರೈವರನ ಪಕ್ಕದ ಬಾಗಿಲನ್ನು ಹೊರಗಿನಿಂದ ಜಗ್ಗಿ ತೆರೆದು ಒಬ್ಬ ಮೆಟ್ಟಿಲ ಮೇಲೆ ಕಾಲಿಟ್ಟ. ಅವನ ಮುಖದ ಮೇಲೆ ಇನ್ನೂ ನಗುವಿತ್ತು, ಆದರೆ ಕೈ ಡ್ರೈವರನ ಕಾಲರಿನ ಮೇಲಿತ್ತು.

"ಯಾಕೆ ಯಜಮಾನ್ರೇ? ನಮ್ಮ ಬಂಗಾರ ಹೊರಗೆ ಬಂದಿದ್ದು ನಿಮಗೆ ಇಷ್ಟ ಇಲ್ವಾ?"

ಡ್ರೈವರ್ ಅವನ ಕೈಯನ್ನಾಗಲೀ ಮುಖವನ್ನಾಗಲೀ ನೋಡಲಿಲ್ಲ. ಗಾಜಿನಲ್ಲಿ ಉಳಿದಿದ್ದ ಅರ್ಧ ರಸ್ತೆಯನ್ನು ನೋಡುತ್ತಿದ್ದ. ಇಷ್ಟ ಇಲ್ಲ ಎಂಬ ಎರಡು ಪದ ಅವನ ನಾಲಿಗೆಯ ತುದಿಗೆ ಬಂದು ಕೂತಿದ್ದವು. ಅವನ್ನು ಹೇಳಿದರೆ ಏನಾಗುತ್ತದೆಂಬುದು ಅವನಿಗೆ ಗೊತ್ತಿತ್ತು, ಹೇಳಲು ತುಟಿಯನ್ನೂ ತೆರೆದ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವನ ಹೆಗಲ ಮೇಲೆ ಕೂತಿತು.

"ಹೊಡಿ ಅಪ್ಪ" ಎಂದಳು ಮಗಳು. "ಹೊಡೆದು ಮುಂದೆ ಹೋಗು. ನನಗೇನೂ ಆಗಲ್ಲ."

ಅವನು ಕೈ ಎತ್ತಲಿಲ್ಲ.

"ಅಪ್ಪ. ನಾನ್ ಹೇಳ್ತಿದೀನಲ್ಲ."

ಅವನು ಎಂಜಿನ್ ಶುರುಮಾಡಿ ಹಾರ್ನಿನ ಮೇಲೆ ಅಂಗೈ ಇಟ್ಟ. ಒತ್ತಿದವನು ಬಿಡಲೇ ಇಲ್ಲ. ಗುಂಪು ಹೋ ಎಂದಿತು, ಮೆಟ್ಟಿಲ ಮೇಲಿದ್ದವನು ಬೆನ್ನು ತಟ್ಟಿ ಕೆಳಗೆ ಹಾರಿದ, ಜನ ಎರಡು ಪಾಲಾಗಿ ದಾರಿಬಿಟ್ಟರು. ವೃತ್ತ ದಾಟಿ, ಸ್ಪೀಕರಿನ ಸದ್ದು ಹಿಂದೆ ಬಿದ್ದು, ಖಾಲಿ ರಸ್ತೆ ಸಿಕ್ಕಿದ ಮೇಲೂ ಹಾರ್ನು ಕೂಗುತ್ತಲೇ ಇತ್ತು. "ಸಾಕಪ್ಪ" ಎಂದು ಅವಳು ಮೆಲ್ಲಗೆ ಹೇಳಿದಾಗ ಕೈ ತೆಗೆದ.

ಪ್ರಯಾಣಿಕರು ಆಗಲೇ ಅದನ್ನು ಮರೆತು ವೃತ್ತದಲ್ಲಿ ತೆಗೆದ ವಿಡಿಯೊಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ರೇಡಿಯೊ ಮಾತ್ರ ಎಂಜಿನ್ ಪಕ್ಕದ ಕಂಬಿ ಹಿಡಿದುಕೊಂಡು, ನಿಂತಲ್ಲೇ ನಿಂತಿದ್ದ. ಹುಡುಗಿಯ ಕಡೆ ಒಮ್ಮೆ ನೋಡಿದ. ಡ್ರೈವರನ ಕತ್ತಿನ ಮೇಲೆ ಉಬ್ಬಿದ ನರವನ್ನು ನೋಡಿದ. ಆಮೇಲೆ ಎಲ್ಲಿಯೂ ನೋಡಲಿಲ್ಲ. ಮುಂದಿನ ಸ್ಟಾಪಿನ ಹೆಸರನ್ನು ಅವನು ಕೂಗದೆ ಇದ್ದದ್ದರಿಂದ ಇಳಿಯಬೇಕಾದ ಮುದುಕ ಇನ್ನೇನು ಮುಂದೆ ಹೋಗಿಬಿಡುತ್ತಿದ್ದ.

"ಏನ್ರೀ, ಇವತ್ತು ರೇಡಿಯೊ ಬ್ಯಾಟರಿ ಮುಗೀತಾ?" ಎಂದು ಯಾರೋ ತಮಾಷೆ ಮಾಡಿದರು. ಅವನು ಸೀಟಿ ಊದಿದ, ಅಷ್ಟೆ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ತರಕಾರಿ ಚೀಲದ ಹೆಂಗಸು ಇಳಿಯುವಾಗ ಹುಡುಗಿಯ ಮುಂದೆ ಅರೆಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು ಹೋದಳು. ಡ್ರೈವರ್ ಬಕೆಟ್ಟಿನಲ್ಲಿ ನೀರು ತಂದು ಗಾಜಿನ ಮೇಲೆ ಎರಚಿದ. ರೇಡಿಯೊ ಬಂಪರಿನ ಮೇಲೆ ಹತ್ತಿ ಉಗುರಿನಿಂದ ಪೋಸ್ಟರಿನ ಅಂಚು ಕೆರೆಯತೊಡಗಿದ. ಗೋಂದು ಒಳ್ಳೆಯ ಜಾತಿಯದು. ಹಾಳೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತೇ ಹೊರತು ಒಟ್ಟಿಗೆ ಬರುತ್ತಿರಲಿಲ್ಲ.

ಮಗಳು ಇಳಿದು ಬಂದು ಪಕ್ಕದಲ್ಲಿ ನಿಂತಳು.

"ಸರ್ಕಾರಿ ವಕೀಲರು ಏನಂದ್ರು?" ಎಂದ ಅಪ್ಪ.

"ಆ ಇಬ್ರೂ ಈಗ ನೆನಪಿಲ್ಲ ಅಂದ್ರಂತೆ, ನಾನು ಹೊರಗೆ ಓಡಿಬಂದಿದ್ದನ್ನ ನೋಡಿದೋರು. ಸುಳ್ಳು ಅಂತ ಯಾರೂ ಹೇಳ್ಲಿಲ್ಲಪ್ಪ. ಸಾಕ್ಷಿ ಸಾಲಲ್ಲ ಅಂದ್ರು, ಅಷ್ಟೆ."

ಗಾಜಿನ ಮೇಲೆ ಉಗುರಿನ ಸದ್ದು ನಿಂತಿತು. ರೇಡಿಯೊ ಕೆಳಗಿಳಿದ. ಅವನ ಬೆರಳುಗಳ ತುಂಬ ಒದ್ದೆ ಕಾಗದ ಮೆತ್ತಿತ್ತು.

"ಮಗಾ, ನನಗೆ ಗೊತ್ತಿರ್ಲಿಲ್ಲ. ನೀನು ಅಂತ ಗೊತ್ತಿದ್ದಿದ್ರೆ ನಾನು ಹಂಗೆ..."

"ನಾನಲ್ದೆ ಬೇರೆ ಯಾರಾದ್ರೂ ಆಗಿದ್ರೆ ಅನ್ನಬಹುದಿತ್ತಾ ಮಾವ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.   ರೇಡಿಯೊ ಬಕೆಟ್ಟಿನಲ್ಲಿ ಕೈ ಅದ್ದಿ, ಕಾಗದ ಹೋಗುವವರೆಗೆ ಬೆರಳು ಬೆರಳು ತಿಕ್ಕಿಕೊಂಡ.

"ನಿಮ್ಮತ್ತೆ ಆ ಹಾಡು ಕೇಳ್ಕೊಂಡೇ ಹೋದ್ಲು" ಎಂದ. "ಈಗ್ಲೂ ಮನೇಲಿ ಒಬ್ನೇ ಇದ್ರೆ ಹಾಕ್ಕೋತೀನಿ. ಇನ್ಮೇಲೆ ಅದನ್ನ ಏನ್ ಮಾಡ್ಲಿ ನಾನು, ನೀನೇ ಹೇಳು."

"ದೀಪದ ಹಾಡು ತಾನೆ? ಅದ್ರಲ್ಲಿ ನಾನೂ ಇದೀನಿ ಮಾವ. ಎರಡನೇ ಚರಣದಲ್ಲಿ, ಹಿಂದೆ ಒಂದು ದನಿ ಮೇಲಕ್ಕೆ ಹೋಗುತ್ತಲ್ಲ, ಅದು ನಂದೇ."

ರೇಡಿಯೊ ಬಸ್ಸಿನ ಹಿಂಬದಿಗೆ ಹೋದ. ಅಲ್ಲಿ ಅವನು ಏನು ಮಾಡಿದನೆಂದು ಇವರಿಬ್ಬರೂ ನೋಡಲು ಹೋಗಲಿಲ್ಲ.

ಹೊರಡುವ ಹೊತ್ತಾಗಿತ್ತು. ಹೊಸ ಪ್ರಯಾಣಿಕರು ಹತ್ತಿಕೊಳ್ಳುತ್ತಿದ್ದರು, ಅವರ ಬಾಯಲ್ಲೂ ಅದೇ ಸುದ್ದಿ. ಮನೆ ಅಲ್ಲಿಂದ ನಡೆಯುವಷ್ಟು ದೂರ. ಅಮ್ಮ ಕಾಯುತ್ತಿರುತ್ತಾಳೆ ಎಂದ ಅಪ್ಪ. ಕೋರ್ಟಿನ ಗೇಟಿನಿಂದಲೇ ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ ಎಂದಳು ಮಗಳು. "ಈಗ್ಲೇ ಮನೆಗೆ ಬೇಡಪ್ಪ. ಇನ್ನೊಂದು ಟ್ರಿಪ್ ಬರ್ತೀನಿ."

"ಅದೇ ರಸ್ತೆ. ಮತ್ತೆ ವೃತ್ತ ದಾಟಬೇಕು."

"ಗೊತ್ತು."

ವೃತ್ತದಲ್ಲಿ ಈಗ ಕುಣಿತ ಮುಗಿದಿತ್ತು. ಕಸ ಗುಡಿಸುವವರು ಹರಿದ ಪೋಸ್ಟರುಗಳನ್ನು ರಸ್ತೆಯ ಅಂಚಿಗೆ ತಳ್ಳುತ್ತಿದ್ದರು. ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಡ್ರೈವರ್ ಕನ್ನಡಿ ನೋಡಿದ. ಮಗಳು ಕಿಟಕಿಯ ಚೌಕಟ್ಟಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು, ನಿದ್ದೆಹೋಗಿದ್ದಳು. ಬೇಸಿಗೆಯಿಂದೀಚೆಗೆ ಅವಳು ಹಾಗೆ ಮಲಗಿದ್ದನ್ನು ಅವನು ಕಂಡಿರಲಿಲ್ಲ.

ಮುಂದೆ ರಸ್ತೆ ಅಗೆದಿದ್ದರು. ಅವನು ವೇಗ ಇಳಿಸಿ, ಗುಂಡಿಗಳನ್ನು ತಪ್ಪಿಸುತ್ತಾ, ತುಂಬಿದ ಕೊಡ ಹೊತ್ತವನಂತೆ ಬಸ್ಸನ್ನು ನಡೆಸಿದ. ಹಿಂದಿನ ಕಾರುಗಳು ಒಂದರ ಮೇಲೊಂದು ಹಾರ್ನ್ ಹೊಡೆದವು. ಬಸ್ಸಿನೊಳಗೂ ಯಾರೋ ಗೊಣಗಿದರು. ಅವನು ಅದೇ ನಿಧಾನದಲ್ಲಿ ಹೋಗುತ್ತಿದ್ದ.