ವಾಯವ್ಯಕ್ಕೆ ಎಲ್ಲಿಯ ತನಕ

“ದಂಡೀ ಮ್ಯಾಲ ನಿಂತು ಆಕಿ ಏನಂದಿರಬೇಕು?”

ಕಸ್ತೂರೆವ್ವ ಕೇಳಿದ್ದು ಯಾರನ್ನೂ ಅಲ್ಲ. ಪಡಸಾಲೆಯಲ್ಲಿ ಆಕೆಯ ಹೊರತು ಇದ್ದದ್ದು ಒಂದು ಮೊರ, ಮೊರದ ತುಂಬ ಹೆಸರುಕಾಳು. ಉಗಾರ ಬುದ್ರುಕದ ಆ ಮನೆಯಲ್ಲಿ ಈ ಪ್ರಶ್ನೆ ದಿನಕ್ಕೊಮ್ಮೆಯಾದರೂ ಏಳುತ್ತಿತ್ತು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ತಮ್ಮ ಭೀಮಗೊಂಡ ಅದನ್ನು ಗೋಡೆಗಡಿಯಾರದ ಸದ್ದಿನ ಹಾಗೆ ಕೇಳಿಯೂ ಕೇಳದವನಂತೆ ಇದ್ದ.

ಆಕೆ ಅಂದರೆ ಸಾಗರಶ್ರೀ. ಕಸ್ತೂರೆವ್ವನಿಗೆ ತಾಯಿಯಿಂದ, ತಾಯಿಗೆ ಅವಳ ತಾಯಿಯಿಂದ ಬಾಯಿಪಾಠವಾಗಿ ಬಂದ ಹಾಡಿನ ಹೆಣ್ಣು. ಮುನ್ನೂರ ಹನ್ನೆರಡು ಪದ್ಯದ ಹಾಡು ಅದು. ಗಂಡನ ಹಡಗು ಮುಳುಗಿದ ಸುದ್ದಿ ಬಂದ ದಿನ ಸಾಗರಶ್ರೀ ದಂಡೆಗೆ ಬರುತ್ತಾಳೆ, ತೆರೆಗಳಿಗೆ ಬೆನ್ನು ಹಾಕಿ ಊರವರ ಕಡೆ ತಿರುಗಿ ಮಾತಿಗೆ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಹಾಡು ಕಡಿಯುತ್ತದೆ. ಮತ್ತೆ ಹಿಡಿಯುವುದು ಆಕೆ ತಲೆಗೂದಲು ಕಿತ್ತುಕೊಂಡು, ಬಿಳಿ ಸೀರೆಯುಟ್ಟು, ಸನ್ಯಾಸಿನಿಯಾಗಿ ಊರು ಬಿಟ್ಟು ನಡೆಯುವಾಗ. ನಡುವಿನ ಹನ್ನೊಂದು ಪದ್ಯ ಯಾರಿಗೂ ಬರುವುದಿಲ್ಲ. ತಾಯಿ ಅಲ್ಲಿಗೆ ಬಂದಾಗ ತುಟಿ ಬಿಚ್ಚದೆ ತೊಡೆಯ ಮೇಲೆ ಹನ್ನೊಂದು ಸಲ ತಾಳ ಹಾಕಿ ಮುಂದಕ್ಕೆ ಹೋಗುತ್ತಿದ್ದಳು. ಕಸ್ತೂರೆವ್ವನೂ ಹಾಗೆಯೇ ಮಾಡುತ್ತ ಬಂದಿದ್ದಳು, ಐವತ್ತು ವರ್ಷ.

ಹಾಡಿನ ಓಲೆಗರಿ ಕಟ್ಟು ತಾಯಿಯ ಮುತ್ತಜ್ಜನ ಕಾಲದಲ್ಲಿ ಮನೆ ಬಿಟ್ಟಿತ್ತು. ಯಾರೋ ಒಬ್ಬ ಬಿಳಿಯ ಪಂಡಿತ ಕುದುರೆ ಏರಿ ಬಂದು, ನಕಲು ಮಾಡಿಕೊಂಡು ಕೊಡುತ್ತೇನೆಂದು ಒಯ್ದವನು ಹೊಳೆ ದಾಟಿ ಹೋದ, ಬರಲಿಲ್ಲ.

ಎರಡು ವರ್ಷದ ಹಿಂದೆ, ತೊಂಬತ್ತರ ಇಸವಿಯಲ್ಲಿ, ಇಲೋನಾಬಾಯಿ ಎಂಬ ಹಂಗೇರಿ ದೇಶದ ಹೆಂಗಸು ಉಗಾರಕ್ಕೆ ಬಂದಿದ್ದಳು. ಧಾರವಾಡದಲ್ಲಿ ಕನ್ನಡ ಕಲಿತವಳು. ನಾಲ್ಕು ದಿನ ಪಡಸಾಲೆಯಲ್ಲಿ ಕೂತು ಇಡೀ ಹಾಡನ್ನು ಟೇಪಿಗೆ ಹಿಡಿದುಕೊಂಡು ಹೋಗಿದ್ದಳು. ಈಗ ಮೃಗಶಿರಾ ಮಳೆಯ ಜೊತೆಗೇ ಆಕೆಯ ಪತ್ರ ಬಂದಿತ್ತು. ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದ ಜಯಪಾಲ ಮಾಸ್ತರರು ಆ ಬೆಳಿಗ್ಗೆ ಅದನ್ನು ಹಿಡಿದು ಬಂದು ಗಟ್ಟಿಯಾಗಿ ಓದಿದರು.

“ಪೂಜ್ಯ ಕಸ್ತೂರೆವ್ವನವರಿಗೆ ನಮಸ್ಕಾರಗಳು. ನಿಮ್ಮ ಮನೆಯ ಕಟ್ಟು ನಮ್ಮ ಬುಡಾಪೆಸ್ಟ್ ನಗರದ ಗ್ರಂಥಾಲಯದಲ್ಲಿ ಸಿಕ್ಕಿದೆ. ಹನ್ನೊಂದು ಪದ್ಯಗಳ ಗರಿಯೂ ಇದೆ. ಆದರೆ ಹುಳು ತಿಂದಿದೆ, ಅಕ್ಷರಗಳು ಮಾಸಿವೆ. ಛಾಯಾಚಿತ್ರದಲ್ಲಿ ಬರೀ ಕಪ್ಪು ಬರುತ್ತದೆ. ನನಗೆ ಓದಲು ಬರುತ್ತಿಲ್ಲ. ಹಾಡಿನ ನಡೆ ಗೊತ್ತಿರುವ ನೀವು ಎದುರಿಗೆ ಕೂತರೆ ಓದಬಹುದು. ಚೈತ್ರಮಾಸದಲ್ಲಿ ವಿಮಾನದಲ್ಲಿ ದಯಮಾಡಿಸಬೇಕು. ಎಲ್ಲ ವೆಚ್ಚವೂ ಗ್ರಂಥಾಲಯದ್ದು.”

ಮಾಸ್ತರರು ಕನ್ನಡಕ ತೆಗೆದರು. “ಅಕ್ಕಾರ, ಏನ್ ಬರೀಲಿ?”

“ಬರತೀನಿ ಅಂತ ಬರೀರಿ,” ಅಂದಳು ಕಸ್ತೂರೆವ್ವ. ಹೆಸರುಕಾಳಿನಿಂದ ಕೈ ತೆಗೆದಿರಲಿಲ್ಲ.

ಹಲ್ಲುಪುಡಿಯ ಬಾಯಿಯಲ್ಲೇ ಭೀಮಗೊಂಡ ಒಳಗೆ ಬಂದ. “ಅಕ್ಕಾ, ನೀ ವ್ರತಾ ಹಿಡಿಯಾಕಿ ಅದಿ ಅನ್ನೂದು ಮರತೇನು?”

ಅವನು ಹೇಳಿದ್ದರಲ್ಲಿ ಹುರುಳಿತ್ತು. ಕಸ್ತೂರೆವ್ವನಿಗೆ ಬರುವ ಆಶ್ವೀಜಕ್ಕೆ ಅರವತ್ತು ತುಂಬುತ್ತಿತ್ತು. ಗಂಡ ತೀರಿದ ವರ್ಷವೇ ಬಸದಿಯಲ್ಲಿ ಹತ್ತು ಜನರೆದುರು ಆಡಿದ್ದಳು: ಅರವತ್ತಕ್ಕೆ ದಿಗ್ವ್ರತ ತಗೊಳ್ಳುತ್ತೇನೆ. ದಿಗ್ವ್ರತ ಅಂದರೆ ಹತ್ತು ದಿಕ್ಕಿಗೂ ಬೇಲಿ ಹಾಕಿಕೊಳ್ಳುವುದು. ನಾಲ್ಕು ದಿಕ್ಕು, ನಾಲ್ಕು ಮೂಲೆ, ಮೇಲೆ, ಕೆಳಗೆ ಇಷ್ಟಿಷ್ಟೇ ದೂರ ಎಂದು ಗುರುಗಳ ಮುಂದೆ ಹೇಳಿ, ಜೀವ ಇರುವತನಕ ಆಚೆಗೆ ಕಾಲಿಡದೆ ಇರುವುದು. ಈ ಸಲ ಊರಲ್ಲಿ ಮುನಿ ಮಹಾರಾಜರ ಚಾತುರ್ಮಾಸವಿತ್ತು, ವ್ರತಕ್ಕೆ ಆಶ್ವೀಜದ ಬಹುಳ ಅಷ್ಟಮಿ ಗೊತ್ತಾಗಿತ್ತು. ಉಳಿದ ಹೆಂಗಸರೆಲ್ಲ ಪೂರ್ವಕ್ಕೆ ಶಿಖರ್ಜಿ, ದಕ್ಷಿಣಕ್ಕೆ ಬೆಳಗೊಳ, ಪಶ್ಚಿಮಕ್ಕೆ ಗಿರ್ನಾರ ಎಂದು ಹೇಳಿ ಮುಗಿಸುವವರು. ಕಸ್ತೂರೆವ್ವನೂ ಹಾಗೆ ಅಂದುಬಿಟ್ಟರೆ ಆ ಹನ್ನೊಂದು ಪದ್ಯ ಬೇಲಿಯ ಹೊರಗೆ ಬೀಳುತ್ತಿದ್ದವು, ಶಾಶ್ವತವಾಗಿ.

“ಮೊದಲ ಹೋಗಿ ಬಾ, ಆಮ್ಯಾಲ ತಗೋ ವ್ರತಾ,” ಅಂದ ಭೀಮಗೊಂಡ.

“ಕೊಟ್ಟ ಮಾತು ಮುಂದ ಹಾಕೂದಿಲ್ಲ. ಬೇಲಿ ಇಲ್ದ ಹ್ವಾದ್ರ ಇವತ್ತ ಈ ಊರು, ನಾಳೆ ಮತ್ತೊಂದ್ ಊರು. ಮನಸಿಗೇನು ಹೇಳೂದೈತಿ? ಎಲ್ಲೀತನಕ ಹೋಗಬೇಕು ಅನ್ನೂದು ಮೊದಲ ಗೊತ್ತ ಮಾಡಕೊಂಡs ಹೋಗತೀನಿ.”

“ಅಂದ್ರ ವ್ರತದಾಗ ಇಮಾನ ಸೇರಸ್ತಿ?”

“ಸೇರಸ್ತೀನಿ.”

ಭೀಮಗೊಂಡ ಬಸದಿಯ ಪಂಚರಲ್ಲಿ ಒಬ್ಬ. ಬಾಯಿ ಮುಕ್ಕಳಿಸಲು ಹೊರಗೆ ಹೋದವನು ಬಹಳ ಹೊತ್ತು ಮುಕ್ಕಳಿಸಿದ.

ಅಂದಿನಿಂದ ಪ್ರತಿ ಮಧ್ಯಾಹ್ನ ಜಯಪಾಲ ಮಾಸ್ತರರು ಶಾಲೆಯ ಹಳೆಯ ನಕಾಶೆಯನ್ನು ಬಗಲಲ್ಲಿ ಹಿಡಿದು ಬರತೊಡಗಿದರು. ಉಗಾರದ ಜಾಗಕ್ಕೆ ಒಂದು ಹೆಸರುಕಾಳು ಇಟ್ಟರು, ಬುಡಾಪೆಸ್ಟಿಗೆ ಇನ್ನೊಂದು. ನಡುವೆ ದಾರ ಎಳೆದರೆ ಅದು ವಾಯವ್ಯದ ಮೂಲೆಗೆ ಹೋಗುತ್ತಿತ್ತು.

“ಊರು ಹೆಂಗೈತ್ರಿ ಮಾಸ್ತರ?”

“ನಡುವ ಹೊಳಿ ಹರೀತೈತ್ರಿ, ಡ್ಯಾನ್ಯೂಬ್ ಅಂತ. ಈ ದಂಡಿಗೆ ಪೆಸ್ಟ್, ಆ ದಂಡಿಗೆ ಬುಡಾ. ನಮ್ಮ ಉಗಾರ ಖುರ್ದ, ಉಗಾರ ಬುದ್ರುಕ ಇದ್ದಂಗ, ನಡುವ ಹೊಳಿ ಒಂದು ಇಟಗೋರಿ. ಆ ದಂಡಿಗೆ ಗುಡ್ಡ, ಗುಡ್ಡದ ಮ್ಯಾಲ ರಾಜಾನ ಕೋಟಿ. ಭಾಳ ಹಳೇ ಊರು.”

“ನನ್ನ ಗರಿ ಯಾವ ದಂಡಿಗೈತಿ?”

“ಈ ದಂಡಿಗೇ. ಹೊಳೀ ಬಾಜೂಕ. ಇಮಾನ ಇಳಿಯೂದೂ ಈ ಕಡೇನ.”

“ಅಂದ್ರ ಹೊಳೀತನಕ ಸಾಕು,” ಅಂದಳು ಕಸ್ತೂರೆವ್ವ.

ಬೆಳಗಾವಿಯ ಟಿಕೆಟ್ಟಿನವನು ಬರೆದು ಕಳಿಸಿದ ಹಾದಿಯಲ್ಲಿ ವಿಮಾನ ಮೊದಲು ಫ್ರಾಂಕ್‌ಫರ್ಟಿಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನ ಹಿಂದಕ್ಕೆ ಬುಡಾಪೆಸ್ಟಿಗೆ ಬರುತ್ತಿತ್ತು. ಮಾಸ್ತರರು ದಾರ ಹಿಡಿದು ನೋಡಿದರು. ಫ್ರಾಂಕ್‌ಫರ್ಟು ಹೊಳೆಯ ಆಚೆ ಎಷ್ಟೋ ದೂರ.

“ಬೇಲಿ ಅಲ್ಲೀತನಕ ಸರಿಸಿಬಿಡ್ರಿ ಅಕ್ಕಾರ. ಹೆಂಗಿದ್ರೂ ಇನ್ನೂ ಹಾಕಿಲ್ಲ.”

“ಫ್ರಾಂಕ್‌ಫರ್ಟದಾಗ ನನ್ನ ಪದ್ಯ ಅದಾವೇನ್ರಿ?”

“ಇಲ್ಲ.”

“ಹಂಗಾರ ಅಲ್ಲಿ ನಂದೇನು ಕೆಲಸ?”

ಮಾಸ್ತರರು ಮತ್ತೆ ಬೆಳಗಾವಿ ಬಸ್ಸು ಹತ್ತಿದರು. ಮೂರು ಸಲ ಹೋಗಿ ಬಂದ ಮೇಲೆ ದುಬೈ, ಇಸ್ತಂಬುಲ್ ಮೇಲೆ ಹಾಯುವ ಹಾದಿ ಸಿಕ್ಕಿತು. ಎರಡು ಕಡೆ ಇಳಿದು ಹತ್ತಬೇಕು, ಒಂದೂವರೆ ದಿನ. ಹೊತ್ತು ಮುಳುಗಿದ ಮೇಲೆ ಉಣ್ಣದವಳಿಗೆ ಆಕಾಶದಲ್ಲಿ ಹೊತ್ತು ಯಾವಾಗ ಮುಳುಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳದಾದರು. ಕಸ್ತೂರೆವ್ವ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ನೀರಿನ ಮೇಲೆ ಇದ್ದವಳು ಒಂದೂವರೆ ದಿನ ಉಪವಾಸ ಇರಲಾರಳೇ?

ಉಳಿದದ್ದು ಮೇಲಿನ ದಿಕ್ಕು.

“ಎಷ್ಟ ಎತ್ತರ ಹಾರತೈತ್ರಿ?”

“ನಲವತ್ತು ಸಾವಿರ ಫೂಟು ಹಿಡೀರಿ.”

“ಶಿಖರ್ಜಿ ಗುಡ್ಡ ಎಷ್ಟು?”

“ನಾಲ್ಕೂವರಿ ಸಾವಿರ ಫೂಟು.”

ಶಿಖರ್ಜಿಯನ್ನು ಗಂಡನ ಜೊತೆ ಬರಿಗಾಲಲ್ಲಿ ಹತ್ತಿದ್ದಳು. ಆ ಮಂಡಿನೋವು ಇನ್ನೂ ನೆನಪಿತ್ತು. ಅಂಥ ಒಂಬತ್ತು ಗುಡ್ಡ ಒಂದರ ಮೇಲೊಂದು. ಕಸ್ತೂರೆವ್ವ ಒಮ್ಮೆ ಮಾಡಿನ ಜಂತಿ ನೋಡಿದಳು, “ಆತು, ಬರಕೊಳ್ರಿ” ಅಂದಳು.

ಸುದ್ದಿ ಬಸದಿಯ ಕಟ್ಟೆಗೆ ಹೋಗಲು ತಡವಾಗಲಿಲ್ಲ. ಅದೇ ದಿನ ವ್ರತ ಹಿಡಿಯಲಿದ್ದ ಗೆಳತಿ ಗೌರಾಬಾಯಿ ದೇವರ ಮುಂದೆ ಅಕ್ಕಿ ಪುಂಜ ಇಡುತ್ತ ಕೆಣಕಿದಳು: “ಎಲೀ ಕಸ್ತೂರಿ, ಮೋಕ್ಷಕ್ಕ ನಾವೆಲ್ಲಾ ನಡಕೋತ ಹೊಂಟೇವಿ, ನೀ ಒಬ್ಬಾಕೀನ ಇಮಾನದಾಗ ಹೊಂಟೀಯಲ್ಲಬೇ!”

“ನಿಂದು ವಾಯವ್ಯಕ್ಕ ಎಲ್ಲೀತನಕ?”

“ಮಿರಜ. ದವಾಖಾನಿಗೆ ಹೋಗಬೇಕಲ್ಲ.”

“ನಿನಗ ಮಿರಜದಾಗ ಕೆಲಸೈತಿ, ನನಗ ಅಲ್ಲೈತಿ. ಅಷ್ಟs ಫರಕು.”

ಅಷ್ಟಮಿಯ ಹಿಂದಿನ ದಿನ ಭೀಮಗೊಂಡ ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. “ಅಕ್ಕಾ, ಮಂದಿ ನಗತಾರ. ಮಹಾರಾಜರು ಮುಖಾ ತಿರಿವಿದ್ರ ನಾ ಬಸದ್ಯಾಗ ಹೆಂಗ ಕೂಡಲಿ? ನಾಳೆ ಗಿರ್ನಾರ ಅನ್ನು, ಮುಗೀತು.”

“ಯಾರ ಬೇಲಿ, ತಮ್ಮಾ?”

“ನಿಂದು.”

“ಹಂಗಾರ ಗೂಟಾನೂ ನಾನs ಬಡೀತೀನಿ.”

ಮರುದಿನ ಮಂಟಪದಲ್ಲಿ ಜನ ಕಿಕ್ಕಿರಿದಿತ್ತು. ಗೌರಾಬಾಯಿಯ ನಂತರ ಕಸ್ತೂರೆವ್ವನ ಸರದಿ. ಬಿಳಿಸೀರೆಯ ಸೆರಗು ತಲೆಗೆಳೆದು, ಕೈ ಮುಗಿದು, ಹಾಡು ಹೇಳುವ ನಿಧಾನದಲ್ಲೇ ಹೇಳಿದಳು. ಪೂರ್ವಕ್ಕೆ ಅಥಣಿ. ದಕ್ಷಿಣಕ್ಕೆ ಬೆಳಗೊಳ. ಪಶ್ಚಿಮಕ್ಕೆ ಕುಂಭೋಜದ ಬಾಹುಬಲಿ. ಉತ್ತರಕ್ಕೆ ಕುಂಥಲಗಿರಿ. ಮೂರು ಮೂಲೆಗೆ ಹತ್ತು ಹತ್ತು ಹರದಾರಿ. ಕೆಳಕ್ಕೆ ನಮ್ಮ ಬಾವಿಯ ತಳ.

“ವಾಯವ್ಯಕ್ಕ, ಬುಡಾಪೆಸ್ಟ್ ಊರಿನ ಡ್ಯಾನ್ಯೂಬ್ ಹೊಳೀ ಈಚೀ ದಂಡಿ. ಮ್ಯಾಲಕ್ಕ, ನಲವತ್ತು ಸಾವಿರ ಫೂಟು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮಂಟಪವೇ ನಕ್ಕಿತು. ಭೀಮಗೊಂಡ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳತೊಡಗಿದ. ಮಹಾರಾಜರು ನಗಲಿಲ್ಲ. ನವಿಲುಗರಿಯ ಪಿಂಛಿಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದರು:

“ಅಲ್ಲೇನೈತಿ?”

“ನಮ್ಮವ್ವನ ಹಾಡಿನ ಹನ್ನೊಂದು ಪದ್ಯ ಅದಾವ್ರಿ ಗುರುಗಳ.”

“ಹೊಳೀ ಆಚೀಕ?”

“ಆಚೀಕ ನಂದೇನಿಲ್ರಿ.”

ಮಹಾರಾಜರು ಪಿಂಛಿಯನ್ನು ಕೈಗೆತ್ತಿಕೊಂಡರು. “ಅಳತಿ ಕೊಡಾಂವ ನಾ ಅಲ್ಲ. ಅಳತಿ ನಿಂದು. ಆದ್ರ ಕೇಳು. ಹಾಕಿದ ಮ್ಯಾಲ ಒಂದು ಕಡೆ ತಗದು ಇನ್ನೊಂದು ಕಡೆ ಕೂಡಸಾಕ ಬರೂದಿಲ್ಲ. ಮರತೆ ಅನ್ನಾಕೂ ಬರೂದಿಲ್ಲ. ಒಂದ ಹೆಜ್ಜಿ ದಾಟಿದ್ರೂ ದಾಟಿದಂಗ. ಒಪ್ಪಿಗೇನು?”

“ಒಪ್ಪಿಗ್ರಿ.”

ಪಿಂಛಿ ಆಕೆಯ ತಲೆಯ ಮೇಲೆ ಆಡಿತು. ಮಂಟಪದಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಪಾಸ್‌ಪೋರ್ಟು ಬಂತು, ಟಿಕೆಟ್ಟು ಬಂತು. ಮೊದಲು ಮುಖ ಮುಚ್ಚಿಕೊಂಡು ತಿರುಗಿದ ಭೀಮಗೊಂಡನೇ ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಮ್ಮಕ್ಕ ಇಂಥ ತಾರೀಖಿಗೆ ಹೊಂಟಾಳ ಎಂದು ಕೇಳದವರಿಗೂ ಹೇಳತೊಡಗಿದ. ಮಿರಜಕ್ಕೆ ಹೋಗಿ ಉಣ್ಣೆಯ ಸ್ವೆಟರ್ ತಂದ. ಕಸ್ತೂರೆವ್ವ ನೀರು ಸೋಸುವ ದಪ್ಪ ಅರಿವೆ ನಾಲ್ಕು ಹೊಲಿದುಕೊಂಡಳು, ಹುರಿದ ಹಿಟ್ಟು ಕಟ್ಟಿಕೊಂಡಳು. ದಿನಾ ಒಂದು ಸಲ ಹಾಡನ್ನು ಮೊದಲಿಂದ ಕೊನೆಯ ತನಕ ಹೇಳಿ, ಆ ಹನ್ನೊಂದು ತಾಳದ ಜಾಗದಲ್ಲಿ ಕಿವಿಗೊಟ್ಟು ಕೂರುತ್ತಿದ್ದಳು.

ಹೊರಡಲು ಹದಿನೆಂಟು ದಿನ ಇರುವಾಗ ಇಲೋನಾಬಾಯಿಯ ಇನ್ನೊಂದು ಪತ್ರ ಬಂತು. ಮಾಸ್ತರರು ಓದುತ್ತ ಓದುತ್ತ ನಿಧಾನವಾದರು.

“ಕ್ಷಮಿಸಿ. ಗರಿಗಳಿಗೆ ಬೂಷ್ಟು ತಗುಲಿದ್ದರಿಂದ ಕಟ್ಟನ್ನು ದುರಸ್ತಿಗೆ ಕಳಿಸಿದ್ದಾರೆ. ಕಾರ್ಯಾಗಾರ ಬುಡಾದಲ್ಲಿದೆ, ಕೋಟೆಯ ಗುಡ್ಡದ ಮೇಲೆ. ಆಷಾಢದವರೆಗೂ ಕಟ್ಟು ಅಲ್ಲಿಯೇ ಇರುತ್ತದೆ. ನೀವು ಬಂದಾಗ ನಾವು ಸೇತುವೆ ದಾಟಿ ಅಲ್ಲಿಗೇ ಹೋಗಿ ಓದೋಣ. ಕಾಲುನಡಿಗೆಯಲ್ಲಿ ಹತ್ತು ನಿಮಿಷ, ಅಷ್ಟೆ. ದಯಮಾಡಿ ಒಪ್ಪಬೇಕು.”

ಮೊದಲು ಬಾಯಿ ಬಿಟ್ಟವನು ಭೀಮಗೊಂಡ.

“ಅಕ್ಕಾ, ಬರೇ ಒಂದು ಪೂಲು ದಾಟೂದು. ನಾಲ್ಕನೂರು ಹೆಜ್ಜಿನೂ ಇರಲಿಕ್ಕಿಲ್ಲ. ಏಳು ಸಮುದ್ರ ದಾಟಿದಾಕಿಗೆ ಒಂದು ಹೊಳಿ ಏನು? ಮಹಾರಾಜರು ಕೊಲ್ಲಾಪುರದ ಕಡೆ ವಿಹಾರ ಮಾಡ್ಯಾರ, ನಾ ಹೋಗಿ ಕಾಲಿಗೆ ಬಿದ್ದು ಕೇಳಿ ಬರತೀನಿ.”

“ಅವರಿಗೇನು ಕೇಳತಿ? ಹಾಕಿದಾಕಿ ನಾನು.”

“ಹೋಗ್ಲಿ, ಯಾರಿಗೂ ಹೇಳೂದಿಲ್ಲ. ನಾ, ನೀ, ಮಾಸ್ತರ. ಅಲ್ಲಿ ನೋಡಾವರಾದ್ರೂ ಯಾರು?”

“ನಾ ಇರತೀನಲ್ಲ ಅಲ್ಲಿ.”

ಜಯಪಾಲ ಮಾಸ್ತರರು ಪತ್ರವನ್ನು ಇದ್ದ ಮಡಿಕೆಯಂತೆಯೇ ಮಡಿಸಿದರು, ಮತ್ತೆ ಬಿಚ್ಚಿದರು. ಒಂಬತ್ತು ತಿಂಗಳು ನಕಾಶೆಯ ಮೇಲೆ ಬಾಗಿದ ಕತ್ತು ಅವರದು. “ಅಕ್ಕಾರ, ಕೈ ಮುಗಿದು ಕೇಳತೀನಿ. ಈಗ ಆಗಲಿಲ್ಲ ಅಂದ್ರ ಮತ್ತ ಕರೀತಾರೋ ಇಲ್ಲೋ, ಗರಿ ಉಳೀತೈತೋ ಇಲ್ಲೋ. ಹನ್ನೊಂದು ಪದ್ಯ ಆಚೀ ದಂಡಿಗೆ ಕುಂತಾವ್ರಿ. ಹೂಂ ಅನ್ರಿ, ದಾಟತೀನಿ ಅಂತ ಒಂದು ಸಾಲು ಬರೀತೀನಿ.”

ಕಸ್ತೂರೆವ್ವನ ಕೈ ತೊಡೆಯ ಮೇಲಿತ್ತು. ಬೆರಳು ಒಮ್ಮೆ ತಾಳಕ್ಕೆಂಬಂತೆ ಎದ್ದು, ಬೀಳದೆ ನಿಂತಿತು.

“ಬರಕೊಳ್ರಿ ಮಾಸ್ತರ,” ಅಂದಳು. “ಗೊತ್ತಾದ ದಿನಾನ ಬರತೀನಿ. ಈಚೀ ದಂಡಿಗೆ ಕುಂಡರತೀನಿ. ಗರಿ ತರಾಕ ಆದ್ರ ಅಲ್ಲಿಗೆ ತರ್ರಿ, ಆಗದಿದ್ರ ಹಂಗs ಹೊಳ್ಳಿ ಬರತೀನಿ.”

“ಮತ್ತ ಪೂಲು?”

“ದಾಟೂದಿಲ್ಲ.”